ಅರ್ಧ ಅಂಕಣದಲ್ಲಿ ಹುಟ್ಟಿದ ಹುಚ್ಚು

ಪ್ಯಾರಾ ಬ್ಯಾಡ್ಮಿಂಟನ್ನಿನಲ್ಲಿ ಎಸ್‌ಎಲ್‌3 ಎಂಬ ವಿಭಾಗವಿದೆ. ನಿಂತು ಆಡುವವರಲ್ಲಿ ಕಾಲಿನ ತೊಂದರೆ ಹೆಚ್ಚಿರುವವರದು. ಇಲ್ಲಿ ಸಿಂಗಲ್ಸ್ ನಡೆಯುವುದು ಅರ್ಧ ಅಂಕಣದಲ್ಲಿ. ಅಗಲ ಕಡಿಮೆಯಾಯಿತಲ್ಲ, ಆಟ ಸಲೀಸು ಎಂದುಕೊಂಡು ನೋಡಲು ಕೂತರೆ ನಾಲ್ಕು ರ‍್ಯಾಲಿಯೊಳಗೆ ಆ ಎಣಿಕೆ ತಲೆಕೆಳಗಾಗುತ್ತದೆ. ಎಡಬಲಕ್ಕೆ ಹೊಡೆದು ಪಾಯಿಂಟ್ ಕೀಳಲು ಜಾಗವೇ ಇಲ್ಲ. ಎದುರಾಳಿಯನ್ನು ನೆಟ್ಟಿನ ಬುಡಕ್ಕೆ ಎಳೆದು, ಮರುಕ್ಷಣ ಬೇಸ್‌ಲೈನಿಗೆ ಅಟ್ಟಿ, ದಣಿಸಿಯೇ ಗೆಲ್ಲಬೇಕು. ಕೃತಕ ಕಾಲಿನವರಿಗೆ ಹಿಂದಕ್ಕೆ ಸರಿಯುವ ಹೆಜ್ಜೆ ಬಲು ಕಠಿಣ. ಆ ಪಾದಕ್ಕೆ ನೆಲದ ಸ್ಪರ್ಶ ತಿಳಿಯುವುದಿಲ್ಲ. ಉಳಿದ ಕಾಲು ಕೂರುವ ಸಾಕೆಟ್ಟಿನೊಳಗೆ ಬೀಳುವ ಒತ್ತಡದಿಂದಲೇ ಅಂದಾಜಿಸಬೇಕು. ಬೆವರಿದಷ್ಟೂ ಸಾಕೆಟ್ ಜಾರುತ್ತದೆ, ಚರ್ಮ ಉಜ್ಜಿ ಕೆಂಪಾಗುತ್ತದೆ.

ಮಾನಸಿ ಜೋಶಿ ಆಡುವುದು ಈ ವಿಭಾಗದಲ್ಲೇ. 2011ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ದ್ವಿಚಕ್ರ ವಾಹನದಲ್ಲಿ ಕೆಲಸಕ್ಕೆ ಹೊರಟಿದ್ದ ಈ ಸಾಫ್ಟ್‌ವೇರ್ ಎಂಜಿನಿಯರ್ ಲಾರಿಗೆ ಸಿಕ್ಕಿ ಎಡಗಾಲು ಕಳೆದುಕೊಂಡರು. ಬ್ಯಾಡ್ಮಿಂಟನ್ ಅವರಿಗೆ ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ ಆಟ. ಕೃತಕ ಕಾಲಿನಲ್ಲಿ ನಡೆಯಲು ಕಲಿತ ಮೇಲೆ ಕಂಪನಿಯ ಟೂರ್ನಿಯಲ್ಲಿ ಆಡಿ ಗೆದ್ದರು. ನನಗೆ ಈ ಪುಟ್ಟ ಗೆಲುವೇ ದೊಡ್ಡದಾಗಿ ಕಾಣುತ್ತದೆ. ಛಲ, ಸಾಧನೆ ಎಂದು ನಾವು ಹೊಗಳುವುದೆಲ್ಲ ಆಮೇಲಿನದು. ಮೊದಲಿಗೆ ಇದ್ದದ್ದು ಆಡುವ ಆಸೆ. ಆ ಆಸೆ ಅವರನ್ನು ಹೈದರಾಬಾದಿನ ಗೋಪಿಚಂದ್ ಅಕಾಡೆಮಿಗೆ ಒಯ್ದಿತು. 2019ರಲ್ಲಿ ಬಾಸೆಲ್‌ನಲ್ಲಿ ಪಾರುಲ್ ಪರ್ಮಾರ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಇದೇ ವಿಭಾಗದ ನಿತೇಶ್ ಕುಮಾರ್ ಅವರದು ಬೇರೆ ದಾರಿ. ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. 2009ರಲ್ಲಿ, ಹದಿನೈದರ ಹರೆಯದಲ್ಲಿ, ವಿಶಾಖಪಟ್ಟಣದ ರೈಲು ಅಪಘಾತ ಕಾಲನ್ನೂ ಫುಟ್‌ಬಾಲನ್ನೂ ಕಿತ್ತುಕೊಂಡಿತು. ಬ್ಯಾಡ್ಮಿಂಟನ್ ಹಿಡಿಸಿದ್ದು ಮಂಡಿಯ ಐಐಟಿಯಲ್ಲಿ ಓದುವಾಗ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ಅವರ ಎದುರಿಗಿದ್ದದ್ದು ಅದುವರೆಗೆ ಒಮ್ಮೆಯೂ ಸೋಲಿಸಲಾಗದಿದ್ದ ಬ್ರಿಟನ್ನಿನ ಡೇನಿಯಲ್ ಬೆಥೆಲ್. 21-14, 18-21, 23-21ರಿಂದ ನಿತೇಶ್ ಗೆದ್ದರು. ಅಂಥ ಮೂರನೇ ಗೇಮನ್ನು ನೋಡುವಾಗ ಯಾರ ಕಾಲು ಹೇಗಿದೆ ಎಂಬುದು ಮರೆತೇಹೋಗುತ್ತದೆ.

ಆಸೆಯೊಂದೇ ಸಾಲದು ನಿಜ. ಆಟಕ್ಕೆಂದೇ ಮಾಡಿದ ಕೃತಕ ಕಾಲಿಗೆ ಲಕ್ಷಗಟ್ಟಲೆ ಬೇಕು. ಮೆಟ್ಟಿಲಿಲ್ಲದ ಕ್ರೀಡಾಂಗಣ ಬೇಕು, ಜೊತೆಗೆ ಆಡುವವರು ಬೇಕು. ಕಾಲು ಕಳೆದುಕೊಂಡವರನ್ನು ನೋಡಲು ಹೋದಾಗ ನಾವು ಕೇಳುವುದು ನಡೆಯಲು ಆಗುತ್ತದಾ, ಕೆಲಸಕ್ಕೆ ಹೋಗುತ್ತೀರಾ ಎಂದು. ಮುಂಚೆ ಏನು ಆಡುತ್ತಿದ್ದಿರಿ ಎಂದೂ ಕೇಳಬೇಕು.

ಕ್ರೀಡಾಕೂಟಗಳೂ ಬಾಗಿಲು ತೆರೆಯಬೇಕು. ಟೋಕಿಯೊದಲ್ಲಿ ಪ್ಯಾರಾಲಿಂಪಿಕ್ಸ್‌ಗೆ ಬ್ಯಾಡ್ಮಿಂಟನ್ ಸೇರಿದಾಗ ಮಹಿಳೆಯರ ಎಸ್‌ಎಲ್‌3 ಸಿಂಗಲ್ಸ್ ಪಟ್ಟಿಯಲ್ಲೇ ಇರಲಿಲ್ಲ; ವಿಶ್ವ ಚಾಂಪಿಯನ್ನಿಗೆ ಆಡಲು ತನ್ನ ಸ್ಪರ್ಧೆಯೇ ಇಲ್ಲದಂತಾಯಿತು. ಪ್ಯಾರಿಸ್‌ನಲ್ಲಿ ಅದು ಸೇರಿತು. ಮಾನಸಿ ಗುಂಪಿನ ಹಂತದಲ್ಲೇ ಸೋತರು, ಆದರೆ ಅಂಕಣಕ್ಕಿಳಿದು ಸೋತರು.