ಒಬ್ಬರಿಗೆ ಎಷ್ಟು ಹೆಸರು?

ಕೆಲವು ವರ್ಷಗಳ ಹಿಂದೆ ಪುಣೆಯ ನಮ್ಮ ಶಾಖೆಗೆ ಧಾರವಾಡದ ಕಡೆಯ ವೃದ್ಧೆಯೊಬ್ಬರು ಬಂದಿದ್ದರು. ಗತಿಸಿದ ಪತಿಯ ಠೇವಣಿಗೆ ಅವರೇ ನಾಮಿನಿ. ಠೇವಣಿಯ ಕಾಗದದಲ್ಲಿದ್ದುದು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದಿಟ್ಟ ಅತ್ತೆಮನೆಯ ಹೆಸರು. ಗುರುತಿನ ಚೀಟಿಯಲ್ಲಿದ್ದುದು ತವರಿನ ಹೆಸರು. "ಎರಡೂ ನಾನ ಅದೀನಲ್ಲೋ ತಮ್ಮಾ" ಎಂದರು. ನಾನು ನಂಬಿದೆ, ಕಾಗದಗಳು ನಂಬಲಿಲ್ಲ.

ಬಹುನಾಮದ ಈ ತೊಡಕು ಬಹಳ ಹಳೆಯದು. ಪ್ರಾಚೀನ ರೋಮನರಲ್ಲಿ ಗಣ್ಯ ಪುರುಷನಿಗೆ ಸಾಮಾನ್ಯವಾಗಿ ಮೂರು ಹೆಸರುಗಳು. ಗಾಯಸ್ ಜೂಲಿಯಸ್ ಸೀಸರ್ ಎಂಬಲ್ಲಿ ಗಾಯಸ್ ಎಂಬುದು ಸ್ವಂತ ಹೆಸರು, ಜೂಲಿಯಸ್ ಕುಲದ್ದು, ಸೀಸರ್ ಆ ಕುಲದೊಳಗಿನ ಮನೆತನದ್ದು. ಜಗತ್ತು ನೆನಪಿಟ್ಟುದು ಮಾತ್ರ ಕೊನೆಯದನ್ನು! ಅವನ ಸೋದರಿಯ ಮೊಮ್ಮಗ ಗಾಯಸ್ ಆಕ್ಟೇವಿಯಸನು ಕ್ರಿ.ಪೂ. 44ರಲ್ಲಿ ಸೀಸರನ ಮರಣಶಾಸನದಂತೆ ದತ್ತಕನಾಗಿ ಅವನ ಹೆಸರನ್ನೇ ತಳೆದನು, ಕ್ರಿ.ಪೂ. 27ರಲ್ಲಿ ಆಗಸ್ಟಸ್ ಎನಿಸಿಕೊಂಡನು. ಸ್ತ್ರೀಯರಿಗೆ ಈ ಸಿರಿವಂತಿಕೆ ಇರಲಿಲ್ಲ. ಜೂಲಿಯಸ್ ಕುಲದ ಹೆಣ್ಣುಮಗಳು ಜೂಲಿಯಾ, ಅಷ್ಟೇ. ಸೀಸರನ ಅಕ್ಕತಂಗಿಯರಿಬ್ಬರೂ ಜೂಲಿಯಾ ಎಂಬವರೇ. ನಮ್ಮ ಹೆಣ್ಣುಮಕ್ಕಳಿಗೆ ಎರಡು ಹೆಸರು, ಅವರಲ್ಲಿ ಇಬ್ಬರಿಗೆ ಒಂದೇ ಹೆಸರು; ಯಾವುದು ಹೆಚ್ಚಿನ ಕಷ್ಟವೋ ಹೇಳಲಾರೆ.

ಕನ್ನಡಿಗರಲ್ಲಿಯೂ ಪದ್ಧತಿ ಒಂದೇ ಅಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದು ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದ್ದು. ಪುಣೆಯ ಗುಮಾಸ್ತನಿಗೆ ಇದು ಸಲೀಸು. ತಾಯಿಯನ್ನು ಮುಂದಿಟ್ಟುಕೊಂಡ ಅಂಬಿಕಾತನಯದತ್ತ ಎಂಬ ಕಾವ್ಯನಾಮ ಬೇರೆಯೇ ಉಂಟು. ಆದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ನಡುವೆ ತಂದೆ, ಕೊನೆಗೆ ತಾವು. ಇಲ್ಲಿಯ ನಮೂನೆಯಲ್ಲಿ ಹಾಗೆಯೇ ತುಂಬಿದರೆ ಊರೇ ವ್ಯಕ್ತಿಯಾಗಿ, ವ್ಯಕ್ತಿ ಅಡ್ಡಹೆಸರಾಗಿಬಿಡುತ್ತಾನೆ. ಹಳೆಯ ಮೈಸೂರಿನಿಂದ ಬಂದ ನಮ್ಮವರ ಪಾನ್ ಕಾರ್ಡು, ಆಧಾರ್, ಪಾಸ್‌ಪುಸ್ತಕಗಳಲ್ಲಿ ಇದೇ ಗೋಜಲನ್ನು ಪದೇ ಪದೇ ಕಂಡಿದ್ದೇನೆ. ಆರೋಗ್ಯ ವಿಮೆಯ ಪತ್ರದಲ್ಲೊಂದು, ಆಸ್ಪತ್ರೆಯ ದಾಖಲೆಯಲ್ಲೊಂದು ಹೆಸರಿದ್ದರಂತೂ ಅಡಚಣೆ ಬರುವುದು ರೋಗಿ ಮಲಗಿರುವಾಗಲೇ.

ಪರಿಹಾರವಿದೆ. ರಾಜ್ಯ ಸರಕಾರ ನೀಡಿದ ವಿವಾಹ ಪ್ರಮಾಣಪತ್ರವಾಗಲಿ, ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆಯಾಗಲಿ ಜೊತೆಗಿದ್ದರೆ ಹಳೆಯ ಹೆಸರಿನ ಗುರುತಿನ ದಾಖಲೆಯೂ ಬ್ಯಾಂಕಿನಲ್ಲಿ ಸಲ್ಲುವುದೆಂದು ರಿಸರ್ವ್ ಬ್ಯಾಂಕಿನ ನಿಯಮವುಂಟು. ಮನೆಯ ಹಿರಿಯರ ಕಾಗದಗಳನ್ನೆಲ್ಲ ಒಮ್ಮೆ ಒಟ್ಟಿಗೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿರಿ. ಅವರು ಸಹಿ ಮಾಡಬಲ್ಲವರಿರುವಾಗಲೇ ನೋಡಿರಿ.

ಆ ವೃದ್ಧೆಯ ವಿವಾಹ ನೋಂದಣಿಯಾಗಿರಲಿಲ್ಲ. ಪ್ರಮಾಣಪತ್ರ ಬರೆಸಿ, ಅವರನ್ನು ಬಲ್ಲ ಇಬ್ಬರ ಸಾಕ್ಷಿ ಹಾಕಿಸಿ, ಮೇಲಿನ ಕಚೇರಿಯ ಒಪ್ಪಿಗೆ ಪಡೆದು ಹಣ ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ರಸೀದಿಗೆ ರುಜು ಮಾಡುವಾಗ ಲೇಖನಿ ಹಿಡಿದು, "ಯಾವ ಹೆಸರು ಬರೀಲೋ ತಮ್ಮಾ?" ಎಂದು ನನ್ನನ್ನೇ ಕೇಳಿದರು.