ಆರ್‌ಎಕ್ಸ್ 100, ಯೆಜ್ಡಿ ಇಟ್ಟುಕೊಂಡಿದ್ದೀರಾ? ಯಾವ ಆಯಿಲ್, ಎಷ್ಟು ಹಾಕಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಹುಣಸೂರು: ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಯೆಜ್ಡಿ ತಯಾರಿಸುತ್ತಿದ್ದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಬೀಗ ಬಿದ್ದಿದ್ದೂ ಅದೇ ವರ್ಷ. ಆದ್ರೂ ಈ ಗಾಡಿಗಳ ಮೇಲಿನ ಆಸೆ ಕಮ್ಮಿಯಾಗಿಲ್ಲ. ಅಪ್ಪನ ಕಾಲದ ಗಾಡಿ ಹೊರಗೆ ತೆಗೆದು ರೆಡಿ ಮಾಡಿಸೋರು, ಸೆಕೆಂಡ್ ಹ್ಯಾಂಡ್‌ನಲ್ಲಿ ದುಬಾರಿ ರೇಟು ಕೊಟ್ಟು ತರೋರು ಇದ್ದೇ ಇದ್ದಾರೆ. ಆದ್ರೆ ಒರಿಜಿನಲ್ ಪಿಸ್ಟನ್, ಕ್ರ್ಯಾಂಕ್ ಸಿಗೋದು ಈಗ ಕಷ್ಟ. ಎಂಜಿನ್ ಒಂದ್ಸಲ ಸೀಜ್ ಆದ್ರೆ ಬೋರ್ ಮಾಡಿಸೋದು, ಪಿಸ್ಟನ್ ಹುಡುಕೋದು ಅಂತ ಗಾಡಿ ತಿಂಗಳುಗಟ್ಟಲೆ ಗ್ಯಾರೇಜಿನಲ್ಲೇ ನಿಲ್ಲಬಹುದು. ಸರಿಯಾದ ಆಯಿಲ್ ಹಾಕಿದ್ರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತೆ.

ಟು ಸ್ಟ್ರೋಕ್‌ಗೆ ಬೇರೆ ಆಯಿಲ್ ಯಾಕೆ?

ಈಗಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಆಯಿಲ್ ಎಂಜಿನ್ ಕೆಳಭಾಗದಲ್ಲಿ ನಿಂತಿರುತ್ತೆ, ಅಲ್ಲೇ ಸುತ್ತುತ್ತಿರುತ್ತೆ. ಟು ಸ್ಟ್ರೋಕ್‌ನಲ್ಲಿ ಹಾಗಲ್ಲ. ಪೆಟ್ರೋಲ್ ಜೊತೆಗೇ ಆಯಿಲ್ ಒಳಗೆ ಹೋಗಿ, ಕ್ರ್ಯಾಂಕ್ ಬೇರಿಂಗ್, ಪಿಸ್ಟನ್, ರಿಂಗ್‌ಗಳನ್ನು ನೆನೆಸಿ, ಕೊನೆಗೆ ಸುಟ್ಟು ಸೈಲೆನ್ಸರ್‌ನಿಂದ ಆಚೆ ಬರುತ್ತೆ. ಅಂದ್ರೆ ಇಲ್ಲಿ ಆಯಿಲ್‌ಗೆ ಎರಡು ಕೆಲಸ: ಮೊದಲು ಜಾರಿಕೆ ಕೊಡಬೇಕು, ಆಮೇಲೆ ಬೂದಿ ಉಳಿಸದೆ ಸುಡಬೇಕು.

ಫೋರ್ ಸ್ಟ್ರೋಕ್ ಆಯಿಲ್‌ನಲ್ಲಿ ಸತು, ಕ್ಯಾಲ್ಸಿಯಂ ಸೇರಿದ ರಾಸಾಯನಿಕಗಳಿರುತ್ತವೆ. ಅವು ಸುಟ್ಟಾಗ ಬೂದಿ ಉಳಿಯುತ್ತೆ. ಅದನ್ನು ಪೆಟ್ರೋಲ್‌ಗೆ ಬೆರೆಸಿದ್ರೆ ಪ್ಲಗ್ ಕಟ್ಟುತ್ತೆ, ರಿಂಗ್ ಅಂಟಿಕೊಳ್ಳುತ್ತೆ. ಗ್ಯಾರೇಜಿನಲ್ಲಿ ಇಳಿಸಿದ ಕಪ್ಪು ಆಯಿಲ್ ಅಂತೂ ಹಾಕಲೇಬೇಡಿ.

ಡಬ್ಬದ ಮೇಲೆ ಏನು ನೋಡಬೇಕು?

ಬ್ರ್ಯಾಂಡ್ ಯಾವುದಾದ್ರೂ ಇರಲಿ, ಮೊದಲು '2ಟಿ' ಅಂತ ಇದೆಯಾ ನೋಡಿ. ಆಮೇಲೆ ಹಿಂಬದಿಯ ಸಣ್ಣ ಅಕ್ಷರ ಓದಿ:

• ಎಪಿಐ ಟಿಸಿ: ಗಾಳಿಯಿಂದ ತಣ್ಣಗಾಗುವ ಬೈಕ್ ಎಂಜಿನ್‌ಗೆ ಹೊಂದುವ ದರ್ಜೆ.
• ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ: ಇದು ಜಪಾನಿನ ದರ್ಜೆ. ಎಫ್‌ಸಿ ಅಂದ್ರೆ ಹೊಗೆ ಕಮ್ಮಿ. ಎಫ್‌ಡಿ ಅಂದ್ರೆ ಹೊಗೆ ಕಮ್ಮಿ ಇರೋದರ ಜೊತೆಗೆ ಬಿಸಿಯಲ್ಲೂ ಎಂಜಿನ್ ಒಳಗೆ ಕ್ಲೀನ್ ಇಡುತ್ತೆ. ದಿನಾ ಓಡಿಸೋರಿಗೆ ಎಫ್‌ಸಿ ಸಾಕು, ದೂರ ಓಡಿಸೋರು ಎಫ್‌ಡಿ ತಗೊಳ್ಳಬಹುದು.
• ಟಿಸಿ-ಡಬ್ಲ್ಯು3: ಹೆಸರು ಹತ್ತಿರ ಇದೆ ಅಂತ ಮೋಸ ಹೋಗಬೇಡಿ. ಇದು ನೀರಿನಿಂದ ತಣ್ಣಗಾಗುವ ದೋಣಿ ಎಂಜಿನ್‌ಗೆ. ಬೈಕಿಗೆ ಬೇಡ.

ಎಷ್ಟು ಹಾಕಬೇಕು?

ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿದ ಅಳತೆಯೇ ಅಂತಿಮ. ಲೆಕ್ಕ ಹೀಗಿದೆ: 1:50 ಅಂದ್ರೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್, 1:40 ಅಂದ್ರೆ 25 ಎಂಎಲ್, 1:25 ಅಂದ್ರೆ 40 ಎಂಎಲ್. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್‌ಗೆ ರನ್ನಿಂಗ್ ಇನ್ ಮುಗಿಯೋವರೆಗೆ ಮೆಕ್ಯಾನಿಕ್ ಸ್ವಲ್ಪ ಜಾಸ್ತಿ ಹೇಳ್ತಾರೆ, ಅದನ್ನು ಕೇಳಿ.

ಬಂಕ್‌ನಲ್ಲಿ 'ಇನ್ನೂರು ರೂಪಾಯಿಗೆ ಹಾಕಿ' ಅನ್ನೋ ಬದಲು ಲೀಟರ್ ಲೆಕ್ಕದಲ್ಲಿ ಹಾಕಿಸಿ. ಆಗ ಮಾತ್ರ ಅಳತೆ ಸರಿ ಬರುತ್ತೆ. ಮೊದಲು ಆಯಿಲ್, ಮೇಲೆ ಪೆಟ್ರೋಲ್ ಬಿಟ್ರೆ ಚೆನ್ನಾಗಿ ಬೆರೆಯುತ್ತೆ.

'ಜಾಸ್ತಿ ಹಾಕಿದ್ರೆ ಒಳ್ಳೇದೇ ಅಲ್ವಾ' ಅನ್ನೋದು ತಪ್ಪು ಲೆಕ್ಕ. ಹೊಗೆ, ಕಪ್ಪು ಪ್ಲಗ್, ಕಟ್ಟಿಕೊಂಡ ಸೈಲೆನ್ಸರ್ ಒಂದು ಕಡೆ. ಇನ್ನೊಂದು ಕಡೆ, ಆಯಿಲ್ ಜಾಗ ತಗೊಂಡಷ್ಟೂ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಬಿಸಿಯಾಗುತ್ತೆ.

ಆರ್‌ಎಕ್ಸ್ 100 ತಗೊಳ್ಳೋರು ಇದನ್ನು ಕೇಳಲೇಬೇಕು

ಆರ್‌ಎಕ್ಸ್ 100ಗೆ ಬೇರೆಯೇ ಆಯಿಲ್ ಟ್ಯಾಂಕ್ ಇದೆ. ಆಟೋಲ್ಯೂಬ್ ಪಂಪ್ ಬೇಕಾದಷ್ಟು ಆಯಿಲ್ ತಾನೇ ಕಳಿಸುತ್ತೆ, ಪೆಟ್ರೋಲ್‌ಗೆ ಬೆರೆಸೋದು ಬೇಕಿಲ್ಲ. ಆದ್ರೆ ಕೆಲವು ಗಾಡಿಗಳಲ್ಲಿ ಪಂಪ್ ಬಂದ್ ಮಾಡಿ ಪೆಟ್ರೋಲ್‌ಗೇ ಬೆರೆಸುತ್ತಿರುತ್ತಾರೆ. ತಗೊಂಡವರು ಪಂಪ್ ಇದೆ ಅಂದುಕೊಂಡು ಬರೀ ಪೆಟ್ರೋಲ್ ಹಾಕಿ ಓಡಿಸಿದ್ರೆ ಎಂಜಿನ್ ಸೀಜ್ ಆಗೋಕೆ ಜಾಸ್ತಿ ದೂರ ಬೇಕಿಲ್ಲ. ಆಯಿಲ್ ಟ್ಯಾಂಕಿಗೆ ಗುರುತು ಹಾಕಿ, ಅಲ್ಲಿವರೆಗೆ ಪೆಟ್ರೋಲ್‌ಗೂ ಆಯಿಲ್ ಬೆರೆಸಿ ಓಡಿಸಿ. 200 ಕಿ.ಮೀ. ಓಡಿದ ಮೇಲೂ ಮಟ್ಟ ಇಳಿದಿಲ್ಲ ಅಂದ್ರೆ ಪಂಪ್ ಕೆಲಸ ಮಾಡ್ತಿಲ್ಲ. ಆಯಿಲ್ ಟ್ಯಾಂಕ್ ಪೂರ್ತಿ ಖಾಲಿಯಾಗಿದ್ರೆ ತುಂಬಿಸಿದ ಮೇಲೆ ಪೈಪಿನ ಗಾಳಿ ತೆಗೆಸಿ.

ಪೆಟ್ರೋಲ್‌ಗೆ ಬೆರೆಸಿ ಓಡಿಸೋ ಯೆಜ್ಡಿಗಳಲ್ಲಿ ಇನ್ನೊಂದು ಎಚ್ಚರಿಕೆ: ಮಡಿಕೇರಿಯಿಂದ ಆಚೆ ಘಾಟ್ ಇಳಿಯುವಾಗ ಆಕ್ಸಲರೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲೇ ಉದ್ದಕ್ಕೆ ಇಳಿದ್ರೆ ಪೆಟ್ರೋಲ್ ಜೊತೆ ಆಯಿಲ್ ಹೋಗೋದೂ ಕಮ್ಮಿಯಾಗುತ್ತೆ. ಆಗಾಗ ಸ್ವಲ್ಪ ಆಕ್ಸಲರೇಟರ್ ಕೊಡ್ತಾ ಇರಿ.

ಗೇರ್‌ಬಾಕ್ಸ್ ಆಯಿಲ್ ಬೇರೆ

ಗೇರ್‌ಬಾಕ್ಸಿಗೆ 2ಟಿ ಅಲ್ಲ. ಕ್ಲಚ್ ಪ್ಲೇಟ್‌ಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಮ್ಯಾನುಯಲ್ ಹೇಳಿದ ಗ್ರೇಡ್‌ನಲ್ಲಿ 'ಜಾಸೋ ಎಂಎ' ಅಥವಾ 'ಎಂಎ2' ಇರೋ ಬೈಕ್ ಆಯಿಲ್ ಹಾಕಿ. ಕಾರ್ ಆಯಿಲ್ ಹಾಕಿದ್ರೆ ಕ್ಲಚ್ ಸ್ಲಿಪ್ ಆಗಬಹುದು.

ಇಳಿಸಿದ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಗೇರ್ ಆಯಿಲ್ ಸೋರದೇ ಕಮ್ಮಿಯಾಗ್ತಾ, ಹೊಗೆ ಇದ್ದಕ್ಕಿದ್ದಂತೆ ಜಾಸ್ತಿಯಾದ್ರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಹೋಗಿರಬಹುದು. ಇದಕ್ಕೆ 2ಟಿ ಬ್ರ್ಯಾಂಡ್ ಬದಲಿಸಿ ಪ್ರಯೋಜನ ಇಲ್ಲ, ಸೀಲ್ ಹಾಕಿಸಿ.

ಅಂಗಡಿಯವರಿಗೆ

ಎಕ್ಸ್‌ಎಲ್‌ನಲ್ಲಿ ಹಾಲು, ಮೂಟೆ ಹೊರುವ ಗಿರಾಕಿ ಆಯಿಲ್ ಕೇಳಿದ್ರೆ ಯಾವ ಎಕ್ಸ್‌ಎಲ್ ಅಂತ ಮೊದಲು ಕೇಳಿ. ಎಕ್ಸ್‌ಎಲ್ ಸೂಪರ್ ಟು ಸ್ಟ್ರೋಕ್, 2ಟಿ ಬೇಕು. ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್, ಅದರ ಪೆಟ್ರೋಲ್‌ಗೆ ಏನೂ ಬೆರೆಸೋ ಹಾಗಿಲ್ಲ. ಬಿಡಿ ಆಯಿಲ್ ಅಳೆದು ಕೊಡೋ ಬದಲು ಸಣ್ಣ ಸೀಲ್ಡ್ ಪ್ಯಾಕ್ ಇಡಿ. ಬ್ಯಾಚ್ ನಂಬರ್, ತಯಾರಿಕೆ ದಿನಾಂಕ, ಎಂಆರ್‌ಪಿ ಸ್ಪಷ್ಟವಾಗಿ ಇರಬೇಕು, ಮುಚ್ಚಳದ ಸೀಲ್ ಗಟ್ಟಿ ಇರಬೇಕು. ಗಿರಾಕಿಗಳೂ ಅಷ್ಟೇ, ಬಿಲ್ ಕೇಳಿ ತಗೊಳ್ಳಿ. ಖಾಲಿ ಡಬ್ಬಕ್ಕೆ ಬೇರೆ ಆಯಿಲ್ ತುಂಬಿ ಮಾರದ ಹಾಗೆ, ಬಿಸಾಡೋ ಮುಂಚೆ ಅದಕ್ಕೊಂದು ತೂತು ಹಾಕಿ.