ಶಿಡ್ಲಘಟ್ಟದಲ್ಲಿ ಎರಡರ ವರ್ಗ, ಗೌರಿಬಿದನೂರಲ್ಲಿ ಕಾಪಿರೈಟ್

ನಮ್ಮ ಪತ್ರಿಕೆಗೆ ಬರೋ ಲೇಖನಗಳಲ್ಲಿ ಕೆಲವು ಇನ್ನೂ ನುಡಿ ಫಾಂಟ್‌ನಲ್ಲೇ ಇರುತ್ತವೆ. ವರ್ಡ್‌ನಲ್ಲಿ ತೆಗೆದರೆ ಮುತ್ತಿನಂಥ ಕನ್ನಡ. ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ, ಯಾರೋ ಕೀಬೋರ್ಡ್ ಮೇಲೆ ಕೂತು ಎದ್ದ ಹಾಗೆ ಕಾಣುತ್ತೆ. ಚಿಕ್ಕಬಳ್ಳಾಪುರ, ಚಿಂತಾಮಣಿ ಎರಡೂ ಇಂಗ್ಲಿಷ್‌ನ ಸಣ್ಣ 'ಎ' ಅಕ್ಷರದಿಂದ ಶುರು. ಶಿಡ್ಲಘಟ್ಟದ ಮೊದಲ ಅಕ್ಷರ ಮ್ಯಾಥ್ಸ್‌ನಲ್ಲಿ ಎಕ್ಸ್ ಸ್ಕ್ವೇರ್ ಬರೆಯುವಾಗ ತಲೆ ಮೇಲೆ ಹಾಕ್ತೀವಲ್ಲ, ಆ ಪುಟ್ಟ ಎರಡು. ಗೌರಿಬಿದನೂರಿನ 'ಬಿ' ಇರೋ ಜಾಗದಲ್ಲಿ ವೃತ್ತದೊಳಗೆ 'ಸಿ', ಅಂದ್ರೆ ಸಾಕ್ಷಾತ್ ಕಾಪಿರೈಟ್ ಚಿಹ್ನೆ. ತಮಾಷೆ ಅಲ್ಲ, ನಿಮ್ಮ ಹತ್ರ ಹಳೇ ನುಡಿ ಫೈಲ್ ಇದ್ರೆ ಈಗಲೇ ಟ್ರೈ ಮಾಡಬಹುದು.

ಇದು ಯಾಕೆ ಹೀಗೆ ಅನ್ನೋದು ಚಿಕ್ಕ ಕಥೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೆ ವಿಂಡೋಸ್ ಕನ್ನಡವನ್ನ ಸರಿಯಾಗಿ ತೋರಿಸೋಕೆ ಶುರು ಮಾಡಿದ್ದು 2001ರ ಎಕ್ಸ್‌ಪಿಯಿಂದ. ಅಲ್ಲೀವರೆಗೆ ಜನ ಸುಮ್ಮನೆ ಕೂರೋಕೆ ಆಗುತ್ತಾ? 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಉಪಾಯ ಒಂದೇ: ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಅಂತ ಇದ್ದ ಇನ್ನೂರ ಚಿಲ್ಲರೆ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನ ಕೂರಿಸೋದು. ಫೈಲ್‌ನಲ್ಲಿ ಸೇವ್ ಆಗೋದು ಇಂಗ್ಲಿಷ್ ಕೋಡ್, ಕಣ್ಣಿಗೆ ಕಾಣೋದು ಕನ್ನಡ. ಫಾಂಟ್ ಬದಲಾಯಿಸಿದ ತಕ್ಷಣ ವೇಷ ಕಳಚುತ್ತೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ, ನಾನೇನೂ ಬೈಯುತ್ತಿಲ್ಲ. ಆದ್ರೆ ಆ ರೀತಿ ಟೈಪ್ ಆದ ಪುಸ್ತಕ, ಆದೇಶ, ನೋಟ್ಸ್ ಯಾವುದನ್ನೂ ಗೂಗಲ್‌ನಲ್ಲಿ ಹುಡುಕೋಕೆ ಆಗಲ್ಲ, ಮೊಬೈಲ್‌ನಲ್ಲಿ ಓದೋಕೆ ಆಗಲ್ಲ.

ಅದಕ್ಕೆ ಪರಿವರ್ತಕ ಬೇಕು. ಅಂಥದ್ದೊಂದನ್ನ ಅರವಿಂದ ವಿ.ಕೆ. ಅನ್ನೋ ಪ್ರೋಗ್ರಾಮರ್ ಬರೆದು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಕನ್ನಡ ಓದಿದವರು ನೋಡಿರಬಹುದಾದ ಗುಬ್ಬಿ, ನವಿಲು ಫಾಂಟ್‌ಗಳೂ ಅವರದ್ದೇ. ಯಾರೂ ಸಂಬಳ ಕೊಟ್ಟು ಮಾಡಿಸಿದ್ದಲ್ಲ. ಓಪನ್ ಸೋರ್ಸ್ ಪ್ರಾಜೆಕ್ಟ್ ಹೇಗೆ ನಡೆಯುತ್ತೆ ಅಂತ ಹೇಳೋಕೆ ನನಗೆ ಲಿನಕ್ಸ್ ಕರ್ನೆಲ್‌ಗಿಂತ ಇಂಥ ಪರಿವರ್ತಕವೇ ಒಳ್ಳೇ ಉದಾಹರಣೆ ಅನ್ನಿಸ್ತು, ಯಾಕಂದ್ರೆ ಇದರ ತೊಂದರೆಗಳು ನಮಗೆ ಅರ್ಥ ಆಗುತ್ತವೆ.

ಮೊದಲು ನೋಡಿದಾಗ ಇದೇನು, ಒಂದು ಟೇಬಲ್ ಮಾಡಿ ಅಕ್ಷರ ಬದಲಾಯಿಸಿದ್ರೆ ಮುಗೀತಲ್ಲ ಅನ್ನಿಸುತ್ತೆ. ಇಲ್ಲ. ಒಂದನೇ ಕ್ಲಾಸ್‌ನಲ್ಲಿ 'ಮ' ಬರೆಯೋದು ಹೇಗೆ ಹೇಳಿಕೊಟ್ರು ನೆನಪಿಸಿಕೊಳ್ಳಿ: 'ವ' ಬರೆದು ಪಕ್ಕದಲ್ಲಿ ಕೊಂಬು ಎಳೀಬೇಕು. ನುಡಿಯೂ ಅದನ್ನೇ ಮಾಡುತ್ತೆ, 'ವ'ದ ತುಂಡಿಗೆ ಕೊಂಬಿನ ತುಂಡು ಸೇರಿಸಿ 'ಮ' ತೋರಿಸುತ್ತೆ. ಪ್ರೋಗ್ರಾಂ ಚಿಕ್ಕ ತುಂಡನ್ನ ಮೊದಲು ನೋಡಿದ್ರೆ ಚಿಂತಾಮಣಿ ಹೋಗಿ 'ಚಿಂತಾವುಣಿ' ಆಗುತ್ತೆ. ಹಾಗಾಗಿ ಉದ್ದದ ಗುಂಪನ್ನೇ ಮೊದಲು ಹುಡುಕಬೇಕು. 'ಯ' ಇನ್ನೂ ತರಲೆ, ಅದರ ಮೊದಲ ತುಂಡು ಸೊನ್ನೆಯೇ. 'ಕೈವಾರ'ದ 'ಕೈ' ಅಲ್ಲಿ 'ಕೆ' ಆದ ಮೇಲೆ ಕೆಳಗಿನ ಬಾಲ ಬೇರೆ ತುಂಡಾಗಿ ಬರುತ್ತೆ, ಯೂನಿಕೋಡ್‌ನಲ್ಲಿ ಐತ್ವ ಅನ್ನೋದು ಒಂದೇ ಚಿಹ್ನೆ, ಎರಡನ್ನೂ ಕೂಡಿಸಬೇಕು. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು (ನಂದಿಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ ಅಲ್ಲ!). 'ಕರ್ನಾಟಕ' ಅಂತ ಬರೆದಾಗ ಕಣ್ಣಿಗೆ ಆ ಚಿಹ್ನೆ ಕಾಣೋದು 'ನಾ' ಆದ ಮೇಲೆ, ಬಾಯಲ್ಲಿ ಬರೋದು 'ನಾ'ಗೆ ಮುಂಚೆ. ನುಡಿ ಕಣ್ಣಿನ ಕ್ರಮದಲ್ಲಿ ಇಡುತ್ತೆ, ಯೂನಿಕೋಡ್ ಬಾಯಿನ ಕ್ರಮದಲ್ಲಿ ಇಡುತ್ತೆ. ಪ್ರೋಗ್ರಾಂ ಹಿಂದಕ್ಕೆ ಹೋಗಿ, ಆ ಅಕ್ಷರ ಎಲ್ಲಿ ಶುರುವಾಯ್ತು ಅಂತ ಹುಡುಕಿ, 'ರ್' ಅನ್ನ ಅಲ್ಲಿ ತೂರಿಸಬೇಕು. ನಡುವೆ ಒತ್ತಕ್ಷರ ಬಂದ್ರೆ ಇನ್ನೂ ಹಿಂದಕ್ಕೆ.

ಈಗ ವಿಷಯಕ್ಕೆ ಬರೋಣ. ಇಂಥ ನಿಯಮಗಳನ್ನೆಲ್ಲ ಒಬ್ಬರೇ ಕೂತು ಮೊದಲೇ ಯೋಚಿಸಿ ಬರೆಯೋಕೆ ಸಾಧ್ಯವೇ ಇಲ್ಲ. ಯಾರೋ ಒಬ್ಬ ಮೇಷ್ಟ್ರು ತಮ್ಮ ಹಳೇ ಲೇಖನ ಹಾಕ್ತಾರೆ, ಒಂದು ಪದ ಕೆಡುತ್ತೆ, ಅವರು ಹೇಳ್ತಾರೆ. ಹಾಗೆ ಹೇಳೋದಕ್ಕೇ 'ಇಶ್ಯೂ' ಅಂತಾರೆ. ಒಳ್ಳೇ ಇಶ್ಯೂ ಅಂದ್ರೆ 'ನಿಮ್ಮ ಸಾಫ್ಟ್‌ವೇರ್ ಕೆಲಸ ಮಾಡ್ತಿಲ್ಲ' ಅನ್ನೋದಲ್ಲ. ನಾನು ಈ ಪದ ಹಾಕಿದೆ, ಇದು ಬರಬೇಕಿತ್ತು, ಇದು ಬಂತು, ಇಷ್ಟು. ಮೂರು ಸಾಲು. ಕೋಡ್ ಬರದಿದ್ರೂ ನಡೆಯುತ್ತೆ, ಕನ್ನಡ ಬಂದ್ರೆ ಸಾಕು. ಕೋಡ್ ಬರೋರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರಾಜೆಕ್ಟಿನ ಪ್ರತಿ ತಗೊಂಡು, ತಿದ್ದಿ, 'ಇದನ್ನ ಸೇರಿಸಿಕೊಳ್ಳಿ' ಅಂತ ಕೇಳ್ತಾರೆ. ಅದು ಪುಲ್ ರಿಕ್ವೆಸ್ಟ್. ಅದನ್ನ ಓದಿ, ಪರೀಕ್ಷೆ ಮಾಡಿ, ಸೇರಿಸೋದೋ ಬೇಡವೋ ನಿರ್ಧಾರ ಮಾಡೋರು ಮೇಂಟೇನರ್.

ಮೇಂಟೇನರ್ ಅನ್ನೋದಕ್ಕೆ ನಮ್ಮ ಕಡೆ ಒಂದು ಒಳ್ಳೇ ಪದ ಮೊದಲಿಂದ ಇದೆ: ನೀರಗಂಟಿ. ಕೋಲಾರ, ಚಿಕ್ಕಬಳ್ಳಾಪುರ ಅಂದ್ರೆ ಕೆರೆಗಳ ನಾಡು ತಾನೆ. ಕೆರೆ ಊರೋರದ್ದು, ಆದ್ರೆ ತೂಬು ಎತ್ತೋನು ಒಬ್ಬನೇ. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ನಿಲ್ಲಿಸಬೇಕು, ಕಾಲುವೆ ಎಲ್ಲಿ ಒಡೆದಿದೆ, ಎಲ್ಲ ಅವನ ತಲೆಯಲ್ಲಿ. ಎಲ್ಲರೂ ತಮಗೆ ಬೇಕಾದಾಗ ತೂಬು ಎತ್ತಿದ್ರೆ ಕೊನೇ ಗದ್ದೆಗೆ ನೀರು ತಲುಪಲ್ಲ. ಮೇಂಟೇನರ್ ಕೆಲಸದಲ್ಲಿ ದೊಡ್ಡ ಭಾಗ ಹೀಗೇ 'ಈಗ ಬೇಡ' ಅನ್ನೋದು. ಪಿಡಿಎಫ್ ಸಪೋರ್ಟ್ ಹಾಕಿ, ಓಸಿಆರ್ ಹಾಕಿ ಅಂತ ಕೇಳೋರು ಬರ್ತಾನೇ ಇರ್ತಾರೆ, ಆದ್ರೆ ಒಂದು ಹೊಸ ಸೌಲಭ್ಯ ಸೇರಿಸಿದ್ರೆ ಅದನ್ನ ಜೀವನಪೂರ್ತಿ ನೋಡಿಕೊಳ್ಳಬೇಕಾದವರು ಕೇಳಿದವರಲ್ಲ. ಒಂದು ವ್ಯತ್ಯಾಸ ಇದೆ. ನೀರಗಂಟಿಗೆ ಸುಗ್ಗಿಯಲ್ಲಿ ರೈತರು ಕಣದಿಂದ ಪಾಲು ಕೊಡ್ತಿದ್ರು. ಮೇಂಟೇನರ್‌ಗೆ ಹೆಚ್ಚಿನ ಸಲ ಅದೂ ಇಲ್ಲ. ಇತ್ತೀಚೆಗೆ ಸ್ವಲ್ಪ ಬದಲಾಗ್ತಿದೆ, ಬೆಂಗಳೂರಿನ ಝೆರೋಧಾ ಕಂಪನಿ 2024ರಲ್ಲಿ ಓಪನ್ ಸೋರ್ಸ್‌ಗೆ ಅಂತಲೇ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿತು.

ಕಣದ ಪಾಲು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಎಕ್ಸ್‌ಝೆಡ್ ಪ್ರಕರಣ ಓದಲೇಬೇಕು. ಎಕ್ಸ್‌ಝೆಡ್ ಅನ್ನೋದು ಫೈಲ್ ಕುಗ್ಗಿಸೋ ಪುಟ್ಟ ಸಾಫ್ಟ್‌ವೇರ್, ಹೆಚ್ಚುಕಮ್ಮಿ ಎಲ್ಲಾ ಲಿನಕ್ಸ್ ಸರ್ವರ್‌ಗಳಲ್ಲೂ ಇರುತ್ತೆ. ಫಿನ್ಲೆಂಡಿನ ಲಾಸೆ ಕೊಲಿನ್ ವರ್ಷಾನುಗಟ್ಟಲೆ ಅದನ್ನ ಹೆಚ್ಚಾಗಿ ಒಬ್ಬರೇ, ಸಂಬಳ ಇಲ್ಲದೆ ನೋಡಿಕೊಳ್ತಿದ್ರು. ದಣಿದಿದ್ರು. 'ಜಿಯಾ ಟಾನ್' ಅನ್ನೋ ಹೆಸರಿನವರು ಬಂದು ನಿಜವಾಗಿಯೂ ಕೆಲಸ ಮಾಡಿ ನಂಬಿಕೆ ಗಳಿಸಿ ಸಹ ಮೇಂಟೇನರ್ ಆದ್ರು. ಅದೇ ಹೊತ್ತಲ್ಲಿ ಬೇರೆ ಬೇರೆ ಹೆಸರಿನವರು 'ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ' ಅಂತ ಕೊಲಿನ್ ಮೇಲೆ ಒತ್ತಡ ಹಾಕ್ತಿದ್ರು. 2024ರ ಫೆಬ್ರವರಿಯ ಆವೃತ್ತಿಯಲ್ಲಿ ಆ ವ್ಯಕ್ತಿ ಸರ್ವರ್‌ಗಳಿಗೆ ಕಳ್ಳಬಾಗಿಲು ಇಟ್ಟುಬಿಟ್ಟ. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ತಮ್ಮ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಆಗಿದೆ ಅನ್ನಿಸ್ತು. ಬೆನ್ನು ಹತ್ತಿ ಹೋಗಿ ಮಾರ್ಚ್ 29ರಂದು ಜಗತ್ತಿಗೆ ಹೇಳಿದ್ರು. ಆ ಅರ್ಧ ಸೆಕೆಂಡನ್ನ ಅವರು 'ಇರಲಿ ಬಿಡು' ಅಂದಿದ್ರೆ? ಬೇಡ, ಯೋಚಿಸೋದೇ ಬೇಡ.

ನಮ್ಮಂಥ ವಿದ್ಯಾರ್ಥಿಗಳು ಕೊಡೋ ಕಾಟ ಇಷ್ಟು ಭಯಂಕರ ಅಲ್ಲ, ಆದ್ರೆ ಕಾಟ ಕಾಟವೇ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದ್ರೆ ಟೀ ಶರ್ಟ್ ಅಂತ ಇತ್ತು. ಜನ ರೀಡ್‌ಮಿ ಫೈಲ್‌ಗೆ 'ಅಮೇಜಿಂಗ್ ಪ್ರಾಜೆಕ್ಟ್' ಅನ್ನೋ ಪದ ಸೇರಿಸಿ ಸಾವಿರಗಟ್ಟಲೆ ಕಳಿಸಿದ್ರು. ಆಯೋಜಕರು ಮೂರ್ನಾಲ್ಕು ದಿನಕ್ಕೇ ನಿಯಮ ಬದಲಾಯಿಸಿ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯ್ತು. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್‌ಗೂ ಅದೇ ಗತಿ. ವೆಬ್ ಡೆವಲಪ್‌ಮೆಂಟ್ ಕಲಿಯೋರೆಲ್ಲ ನೋಡಿರೋ ಎಕ್ಸ್‌ಪ್ರೆಸ್ ಅದೇ. ಪುಲ್ ರಿಕ್ವೆಸ್ಟ್ ಕಳಿಸೋದನ್ನ ತೋರಿಸಿಕೊಟ್ಟ ಒಂದು ವಿಡಿಯೋ ನೋಡಿ, ಬಹುಪಾಲು ನಮ್ಮ ದೇಶದ ವಿದ್ಯಾರ್ಥಿಗಳೇ, ಅದರ ರೀಡ್‌ಮಿಯಲ್ಲಿ ತಮ್ಮ ಹೆಸರು ಸೇರಿಸಿ ಕಳಿಸ್ತಾ ಹೋದ್ರು. ರೆಸ್ಯೂಮೆಗೆ ಒಂದು ಸಾಲು ಬೇಕು ಅನ್ನೋದು ನನಗೂ ಅರ್ಥ ಆಗುತ್ತೆ, ಪ್ಲೇಸ್‌ಮೆಂಟ್ ಭಯ ನನಗೇನು ಕಮ್ಮಿ ಇಲ್ಲ. ಆದ್ರೆ ಒಂದೊಂದನ್ನೂ ತೆರೆದು, ಓದಿ, ಮುಚ್ಚಬೇಕಾದ ಒಬ್ಬ ಮನುಷ್ಯ ಆ ಕಡೆ ಇದ್ದಾನೆ, ಅವನ ಭಾನುವಾರ ಹೋಯ್ತು.

ಕನ್ನಡದ ಪ್ರಾಜೆಕ್ಟ್‌ಗಳಲ್ಲಿ ಸಮಸ್ಯೆ ಪೂರ್ತಿ ಉಲ್ಟಾ. ಇಲ್ಲಿ ಜನ ಜಾಸ್ತಿ ಆಗಿ ಅಲ್ಲ, ಜನ ಇಲ್ಲದೆ ಕಷ್ಟ. ಇರೋ ನಾಲ್ಕು ಜನಕ್ಕೂ ಜಗಳಕ್ಕೆ ವಿಷಯ ಸಿಗುತ್ತೆ, ಅದು ಬೇರೆ ಮಾತು. ಲಿನಕ್ಸ್‌ನ ಕನ್ನಡ ಮೆನುಗಳಲ್ಲಿ ಫೈಲ್ ಅನ್ನೋದಕ್ಕೆ 'ಕಡತ' ಅಂತ ಇರುತ್ತೆ. ಫೈಲ್ ಅಂದ್ರೆ ಎಲ್ಲರಿಗೂ ಗೊತ್ತಲ್ಲ, ಕಡತ ಯಾಕೆ ಅನ್ನೋರು ಒಂದು ಕಡೆ. ಹಾಗೇ ಬಿಟ್ರೆ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತೆ ಅನ್ನೋರು ಇನ್ನೊಂದು ಕಡೆ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂನಲ್ಲಿ, ನನ್ನ ಮತ ಫೈಲ್‌ಗೇ. ಆದ್ರೆ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕೋರನ್ನ ಕೇಳಿ ನೋಡಿ. ಹುಳು ಪೊರೆ ಬಿಡೋ ಮುಂಚೆ ಸೊಪ್ಪು ತಿನ್ನದೆ ಸುಮ್ಮನಿರೋದಕ್ಕೆ ಅವರು 'ಜ್ವರ' ಅಂತಾರೆ, ಗೂಡು ಕಟ್ಟೋಕೆ ತಯಾರಾದ್ರೆ 'ಹಣ್ಣಾಯ್ತು' ಅಂತಾರೆ. ರೈತರಿಗೆ ಅಂತ ಒಂದು ಆ್ಯಪ್ ಮಾಡಿ, ನಿಘಂಟು ನೋಡಿ ಅಲ್ಲಿ 'ನಿರ್ಮೋಚನ' ಅಂತ ಹಾಕಿದ್ರೆ ಯಾರಿಗೆ ಪ್ರಯೋಜನ? ಇಂಥ ಪದ ಕೋಡ್ ಬರೆಯೋರಿಗೆ ಗೊತ್ತಿರಲ್ಲ. ಹುಳದ ಮನೆಯಲ್ಲಿ ಬೆಳೆದ ನಮ್ಮ ಕ್ಲಾಸ್‌ಮೇಟ್‌ಗೆ ಗೊತ್ತಿರುತ್ತೆ.

ಲೈಸೆನ್ಸ್ ಬಗ್ಗೆ ಎರಡು ಮಾತು, ಗೌರಿಬಿದನೂರಿನ ಕಾಪಿರೈಟ್ ಚಿಹ್ನೆ ನೆಪದಲ್ಲಿ. ಉಚಿತ ಬೇರೆ, ಮುಕ್ತ ಬೇರೆ. ನುಡಿಯನ್ನ ದುಡ್ಡು ಕೊಡದೆ ಡೌನ್‌ಲೋಡ್ ಮಾಡಬಹುದಿತ್ತು, ಅದು ಉಚಿತ. ಒಳಗಿನ ಕೋಡ್ ನೋಡಿ, ತಿದ್ದಿ, ಹಂಚೋ ಹಕ್ಕು ಇದ್ರೆ ಮಾತ್ರ ಮುಕ್ತ. ಆ ಹಕ್ಕು ಬರೋದು ಲೈಸೆನ್ಸ್ ಫೈಲ್‌ನಿಂದ. ಗಿಟ್‌ಹಬ್‌ಗೆ ಹಾಕಿದ ಮಾತ್ರಕ್ಕೆ ಓಪನ್ ಸೋರ್ಸ್ ಆಗಲ್ಲ. ಲೈಸೆನ್ಸ್ ಇಲ್ಲದಿದ್ರೆ ಕಾನೂನಿನ ಪ್ರಕಾರ ಎಲ್ಲಾ ಹಕ್ಕು ಬರೆದವರದ್ದೇ. ಎಂಐಟಿ ಲೈಸೆನ್ಸ್ ಹಾಕಿದ್ರೆ ನಮ್ಮ ಹೆಸರು ಉಳಿಸಿಕೊಂಡು ಯಾರು ಏನು ಬೇಕಾದ್ರೂ ಮಾಡಬಹುದು. ಜಿಪಿಎಲ್ ಹಾಕಿದ್ರೆ, ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ತೆರೆದಿಡಬೇಕು. ಮೇಂಟೇನರ್ ಕೈಬಿಟ್ಟ ಪ್ರಾಜೆಕ್ಟನ್ನ ಬೇರೆಯವರು ಮುಂದುವರಿಸಬಹುದಾದದ್ದೂ ಈ ಫೈಲ್ ಇದ್ರೆ ಮಾತ್ರ.

ಕಾಲೇಜು ಪ್ರಾಜೆಕ್ಟ್‌ಗಳಿಗೆ ಇದು ಬಹಳ ಮುಖ್ಯ, ಯಾಕಂದ್ರೆ ಅವು ಎಂಟನೇ ಸೆಮಿಸ್ಟರ್‌ಗೆ ಸಾಯುತ್ತವೆ. ಸೀನಿಯರ್ ಪಾಸಾಗಿ ಹೋಗ್ತಾರೆ, ಪಾಸ್‌ವರ್ಡ್ ಅವರ ಜೊತೆ ಹೋಗುತ್ತೆ, ಡೊಮೈನ್ ಯಾರ ಹೆಸರಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಆದ್ದರಿಂದ ನಮ್ಮ ಸಂಘ ಏನೇ ಶುರು ಮಾಡಿದ್ರೂ, ಮೊದಲ ದಿನವೇ ಕನಿಷ್ಠ ಇಬ್ಬರ ಹತ್ರ ಕೀಲಿ ಇರಲಿ, ಅದರಲ್ಲಿ ಒಬ್ಬರು ಜೂನಿಯರ್ ಆಗಿರಲಿ. ಸೆಮ್ ಎಕ್ಸಾಮ್ ಟೈಮಲ್ಲಿ ಉತ್ತರ ಕೊಡಲ್ಲ ಅಂತ ರೀಡ್‌ಮಿಯಲ್ಲೇ ಬರೆದುಬಿಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬರೆಯದೆ ಮಾಯ ಆದ್ರೆ ಮಾಡಿಕೊಳ್ತಾರೆ. ಹೊಸಬರು ದಡ್ಡ ಪ್ರಶ್ನೆ ಕೇಳಿದ್ರೆ ಅದರ ಉತ್ತರವನ್ನ ಒಂದು ಫೈಲ್‌ನಲ್ಲಿ ಬರೆದಿಡಿ, ಹತ್ತನೇ ಸಲ ಬೈಯೋದು ತಪ್ಪುತ್ತೆ.

ಪರಿವರ್ತಕಗಳ ಪರೀಕ್ಷೆಗೆ ಅಂತ ಒಂದು ಪಟ್ಟಿ ಶುರು ಮಾಡಿದ್ದೀವಿ: ನಾಲ್ಕೂ ತಾಲ್ಲೂಕಿನ ಊರುಗಳ ಹೆಸರು, ಒಂದು ಕಾಲಂನಲ್ಲಿ ನುಡಿಯಲ್ಲಿ, ಪಕ್ಕದಲ್ಲಿ ಯೂನಿಕೋಡ್‌ನಲ್ಲಿ. ಮುದ್ದೇನಹಳ್ಳಿ, ಕೈವಾರ ಈಗಾಗಲೇ ಇವೆ. 'ತ್ಥ' ಇರೋ ಪದ ಬೇಕಿತ್ತು, ಗೌರಿಬಿದನೂರಿನ ಗೆಳತಿ ವಿದುರಾಶ್ವತ್ಥ ಕೊಟ್ಟಳು. ಅರ್ಕಾವತ್ತಿನ ಕೆಳಗೆ ಒತ್ತಕ್ಷರವೂ ಇರೋ ಊರಿನ ಹೆಸರು ಇನ್ನೂ ಸಿಕ್ಕಿಲ್ಲ. ನಿಮ್ಮ ಕಡೆ ಯಾವುದಾದ್ರೂ ಇದ್ರೆ ಪತ್ರಿಕೆಯ ಮೇಲ್‌ಗೆ ಕಳಿಸಿ. ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ್ರೂ ಪರವಾಗಿಲ್ಲ.